ಒಂದು ಬಾಯಿ ನೀರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ನಿನ್ನ ತಮ್ಮ ಬರೆಯುತ್ತಿದ್ದಾನೆ. ಮನೆಯಿಂದ ಅಂಗಡಿಗೆ ಇಳಿಯುವ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡೆ. ಸಿಂಪಲ್ ಫ್ರಾಕ್ಚರ್ ಎಂದರು ಡಾಕ್ಟರು. ಸಿಂಪಲ್ ಆಗಿದ್ದರೆ ಇಷ್ಟು ಯಾಕೆ ನೋಯುತ್ತದೋ. ಊರವರ ಫೋಟೋಗೆಲ್ಲ ಕಟ್ಟು ಹಾಕುವವನಿಗೇ ಕಟ್ಟು ಬಿತ್ತಲ್ಲ ಎಂದು ಪಕ್ಕದ ಟೈಲರ್ ನಗುತ್ತಾನೆ.

ಇವನು ಇನ್ನೊಂದು ಸಲ ಯಾರ ಮೇಲಾದರೂ ಕೈ ಮಾಡಿದರೆ ಹಾಸ್ಟೆಲಿಗೆ ಹಾಕುತ್ತೇನೆಂದು ನೀನು ಫೋನಿನಲ್ಲಿ ಹೇಳಿದ್ದು ಮರೆತಿಲ್ಲ. ತರಗತಿಯ ಹುಡುಗನ ಹಲ್ಲು ಮುರಿದದ್ದು ತಪ್ಪೇ. ಆಮೇಲೆ ಕೈ ಎತ್ತಿಲ್ಲ, ಅದಕ್ಕೆ ನಾನು ಗ್ಯಾರಂಟಿ. ಹದಿನಾರರ ವಯಸ್ಸು, ಹಸಿ ಕಟ್ಟಿಗೆ. ಉರಿಗಿಂತ ಹೊಗೆ ಜಾಸ್ತಿ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಸೆಲ್ಫ್ ಕಂಟ್ರೋಲ್ ಈಸ್ ದಿ ........ ಆಫ್ ಎ ಮ್ಯಾನ್ ಅಂತ. ನಡುವಿನ ಪದ ಮರೆತಿದೆ, ಜಾಗ ಬಿಡು ಎಂದಿದ್ದೇನೆ.

ಏನು ಹೇಳುತ್ತಿದ್ದೆ? ಹಾಂ, ನಿಮ್ಮಮ್ಮನ ಉಪಾಯ. ಸಿಟ್ಟು ಬಂದವರು ಬಾಯಿ ತುಂಬ ನೀರು ಇಟ್ಟುಕೊಂಡು ಕೂರಬೇಕು, ನುಂಗುವಂತಿಲ್ಲ, ಉಗುಳುವಂತಿಲ್ಲ. ನೀನು ನಗು ತಡೆಯಲಾರದೆ ಗೋಡೆಗೆಲ್ಲ ಚಿಮ್ಮಿಸುತ್ತಿದ್ದೆ. ಅವಳು ಹೋದ ಮೇಲೆ ನಿಂತುಹೋಗಿದ್ದನ್ನು ಮೊನ್ನೆ ನಾನೇ ಶುರುಮಾಡಿದೆ. ಇವನು ಮೆಟ್ಟಿಲ ತಲೆಯಲ್ಲಿ ನಿಂತು ಬುಸುಗುಡುತ್ತಿದ್ದ, ಅವಳ ಲೋಟದಲ್ಲೇ ನೀರು ತಂದು ಮುಂದೆ ಹಿಡಿದೆ. ಅದು ಅಮ್ಮಂದು, ನೀನು ಮುಟ್ಟಬೇಡ ಎಂದ. ಅಷ್ಟೇ. ಆಮೇಲೆ ನಾನು ಜಾರಿದೆ.

ಈಗ ನನ್ನ ಅಂಗಿಯ ಗುಂಡಿ ಹಾಕುವವನು ಇವನೇ. ಕುತ್ತಿಗೆಯ ಗುಂಡಿಗೆ ಬಂದಾಗ ನನ್ನ ಮುಖ ನೋಡುವುದಿಲ್ಲ. ನಾನು ಇಷ್ಟೆಲ್ಲ ವದರುತ್ತಿದ್ದರೂ ತುಟಿಪಿಟಕ್ಕೆನ್ನದೆ ಬರೆಯುತ್ತಿದ್ದಾನೆ. ಎಷ್ಟು ತಣ್ಣಗಾಗಿದ್ದಾನೆ ನೋಡು. ಹಾಸ್ಟೆಲಿನ ಮಾತು ಬಿಟ್ಟುಬಿಡು ಮಗಳೇ. ಅವಳಿಲ್ಲದ ಮನೆಯಲ್ಲಿ ಇವನೂ ಇಲ್ಲದಿದ್ದರೆ, ನಾನು ಜಗಳ ಆಡುವುದಾದರೂ ಯಾರ ಹತ್ತಿರ?

ಎಡಗೈಯಲ್ಲಿ ಗೀಚಿದ ಈ ಸಹಿ ನನ್ನದೇ,
ನಿನ್ನ ಅಪ್ಪ

ತಾ.ಕ.: ಅಕ್ಕಾ, ಇದು ಅಪ್ಪ ಹೇಳಿದ್ದಲ್ಲ. ಅವರು ಮಲಗಿದ್ದಾರೆ. ಅವರು ಜಾರಲಿಲ್ಲ. ಲೋಟ ಕಿತ್ತುಕೊಂಡು ನಾನೇ ತಳ್ಳಿದೆ. ಡಾಕ್ಟರಿಗೂ ಜಾರಿದೆ ಅಂತಲೇ ಹೇಳಿದರು. ಅಪ್ಪ ಹೇಳಿದ್ದನ್ನು ಬರೆಯುವಾಗ ಅಷ್ಟು ಹೊತ್ತೂ ನನ್ನ ಬಾಯಲ್ಲಿ ನೀರಿತ್ತು, ಅದಕ್ಕೇ ನಡುವೆ ಅಲ್ಲ ಅನ್ನಲಿಲ್ಲ. ಹಾಸ್ಟೆಲಿಗೆ ಹೋಗುತ್ತೇನೆ. ಅಪ್ಪನ ಕಟ್ಟು ಬಿಚ್ಚುವ ತನಕ ಮಾತ್ರ ಇಲ್ಲಿರಲು ಬಿಡು. ಗುಂಡಿ ಹಾಕಬೇಕು.