ಊಟದ ಸುದ್ದಿ ಬರೆಯಬಾರದಂತೆ

ಶಿಕಾರಿಪುರ
ಸೋಮವಾರ, 8 ಸೆಪ್ಟೆಂಬರ್ 2025

ಚಿರಂಜೀವಿ ವಾಣಿಶ್ರೀಗೆ ಅಮ್ಮನ ಆಶೀರ್ವಾದಗಳು.

ನಾನು, ಅಪ್ಪಾಜಿ ಇಬ್ಬರೂ ಕ್ಷೇಮ. ನೀನು ಕುಪ್ಪಗಡ್ಡೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಆರಾಮಾಗಿದ್ದೀಯ ಎಂದು ಅವಳ ಫೋನಿನಿಂದ ತಿಳಿಯಿತು. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸೋಮಾರಿತನದಿಂದಲ್ಲ ಮಾರಾಯ್ತಿ, ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಹಂಡೆಯ ಒಲೆಗೆ ಹಾಕಿದೆ.

ಶಿವಮೊಗ್ಗದ ನಿನ್ನ ಕೌನ್ಸೆಲಿಂಗ್ ಮೇಡಂ ಹೇಳಿದ್ದು ನಿನಗೂ ಗೊತ್ತಲ್ಲ. "ಸದ್ಯಕ್ಕೆ ನೀವು ಹೋಗೋದು ಬೇಡಮ್ಮ, ಫೋನೂ ಬೇಡ. ಬೇಕಾದ್ರೆ ಪತ್ರ ಬರೀರಿ. ಆದ್ರೆ ಊಟದ ಸುದ್ದಿ, ದಪ್ಪ ಸಣ್ಣದ ಸುದ್ದಿ ಒಂದಕ್ಷರ ಇರಬಾರದು." ಅದೇನು ಮಹಾ ಎಂದುಕೊಂಡು ತಲೆಯಾಡಿಸಿ ಬಂದೆ. ಮನೆಗೆ ಬಂದು ಪೆನ್ನು ಹಿಡಿದರೆ ಮೊದಲು ಕೈಗೆ ಬಂದದ್ದೇ "ಊಟ ಆಯ್ತಾ?" ಹರಿದೆ. ಎರಡನೆಯದರಲ್ಲಿ ಗಣಪತಿ ಹಬ್ಬದ ಸುದ್ದಿ ಬರೆಯಹೋದೆ, ಮೂರನೇ ಸಾಲಿಗೆ ಕಡುಬು ಬಂತು. ಮೂರನೆಯದರಲ್ಲಿ ಎದುರುಮನೆಯವರ ಸೊಸೆ ಬಸುರಿ ಎಂದು ಶುರುಮಾಡಿದೆ, ಅವಳ ಬಯಕೆ ಬರೆಯದೆ ಬಿಡಲು ಆಗುತ್ತದೆಯೇ? ಕೊನೆಗೆ ಹೊಲದ ಸುದ್ದಿಯೇ ವಾಸಿ ಎಂದು ನಮ್ಮ ಮೆಕ್ಕೆಜೋಳ ತೆನೆ ಕಟ್ಟಿದೆ ಎಂದು ಬರೆದೆ. ಆಮೇಲೆ ಮೆಕ್ಕೆಜೋಳ ಬೆಳೆಯೋ ಊಟವೋ ತೀರ್ಮಾನವಾಗದೆ ಅದನ್ನೂ ಹರಿದೆ.

ನಗಬೇಡ. ಆವತ್ತು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಯೋಚನೆ ಮಾಡಿದೆ, ಇಪ್ಪತ್ತೇಳು ವರ್ಷ ನಿನ್ನ ಜೊತೆ ನಾನು ಬೇರೆ ಏನು ಮಾತಾಡಿದ್ದೇನೆ ಎಂದು. ತಿನ್ನು ಎಂದಿದ್ದೇನೆ, ತಿನ್ನಬೇಡ ಎಂದಿದ್ದೇನೆ. ಎರಡೇ ಮಾತು. ನಿನಗೆ ಹದಿನಾಲ್ಕು ತುಂಬುವ ತನಕ ಮೊದಲನೆಯದು, ಆಮೇಲೆ ಎರಡನೆಯದು.

ಈ ಸಲ ಹರಿಯುವುದಿಲ್ಲ. ಚಿಕ್ಕಮ್ಮ ಮೊದಲು ತಾನು ಓದಿ ಆಮೇಲೆ ನಿನಗೆ ಕೊಡುತ್ತಾಳಂತೆ. ಓದಲಿ. ಇಷ್ಟು ವರ್ಷ ಶಾಲೆ ಮಕ್ಕಳ ಕಾಪಿ ತಿದ್ದಿದವಳು, ಅಕ್ಕನದೂ ಒಂದು ತಿದ್ದಲಿ. ಪ್ರಮೀಳಾ, ಕೇಳಿಸಿತೇನೇ? ಹೊಡೆದುಹಾಕುವ ಸಾಲುಗಳು ಮುಂದೆ ಬಹಳ ಇವೆ, ಕೆಂಪು ಪೆನ್ನು ಹತ್ತಿರ ಇಟ್ಟುಕೋ.

ಇಲ್ಲಿಯ ಸುದ್ದಿ ಹೇಳಬೇಕೆಂದರೆ, ಅಪ್ಪಾಜಿ ಬೆಳಿಗ್ಗೆ ಗೊಬ್ಬರದ ಅಂಗಡಿಗೆ ಹೋದರೆ ಎರಡು ಗಂಟೆಗೆ ಬರುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ. ಆದರೆ ನಿನ್ನ ಹೊಲಿಗೆ ಮಿಷನ್ನಿಗೆ ತಾವೇ ಎಣ್ಣೆ ಬಿಟ್ಟು ಬಟ್ಟೆ ಮುಚ್ಚಿಟ್ಟರು. ರವಿಕೆ ಹೊಲಿಸುವವರು ಈಗಲೂ ಬಾಗಿಲಿಗೆ ಬಂದು ಕೇಳುತ್ತಾರೆ, "ವಾಣಿ ಯಾವಾಗ ಬರ್ತಾಳ್ರೀ?" ನಾನು ಚಿಕ್ಕಮ್ಮನ ಮನೆ, ಹವಾ ಬದಲಾವಣೆ ಎಂದೇನೋ ಹೇಳುತ್ತೇನೆ. ಊರಿಗೆ ಹೇಳಲು ನನ್ನ ಬಾಯಲ್ಲಿ ಸುಳ್ಳಿಗೆ ಯಾವತ್ತೂ ಬರವಿಲ್ಲ.

ನೀನು ಹೋದ ಮೇಲೆ ಮಿಷನ್ನಿನ ಖಾನೆ ತೆಗೆದಾಗ ನಿನ್ನ ಹಸಿರು ರವಿಕೆ ಸಿಕ್ಕಿತು. ಪಕ್ಕದ ಹೊಲಿಗೆ ತಿರುಗಿಸಿ ನೋಡಿದೆ. ಒಂದರ ಒಳಗೆ ಒಂದು, ನಾಲ್ಕು ಸಾಲು ಹೊಲಿಗೆ. ನಾಲ್ಕು ಸಲ ಒಳಗೆ ಹಿಡಿದಿದ್ದೀಯ. ಒಂದೊಂದು ಸಲ ಹಿಡಿದಾಗಲೂ ನಾನು ಏನೆಂದಿದ್ದೆ ಎಂದು ನೆನಪಿಗೆ ಬಂತು. "ಈಗ ನೋಡು, ಎಷ್ಟು ಚೆಂದ ಕೂತಿದೆ!" ನಾಲ್ಕನೆಯ ಸಲವೂ ಅದನ್ನೇ ಅಂದಿದ್ದೆ. ಆಗ ನಿನ್ನ ಕತ್ತಿನ ಎಲುಬು ಕಾಣುತ್ತಿತ್ತು.

ಇವತ್ತು ಸೋಮವಾರ, ಅದಕ್ಕೇ ಈ ಮಾತು. ಸೋಮವಾರ ಶಿವನಿಗೆ ಒಪ್ಪತ್ತು ಎಂದು ನೀನು ಹಿಡಿದಾಗ ನನಗೆ ಎಷ್ಟು ಹಿಗ್ಗು! ಆಮೇಲೆ ಗುರುವಾರ ಸೇರಿತು. ಆಮೇಲೆ ಶನಿವಾರ ಹುಚ್ಚರಾಯಸ್ವಾಮಿ ಸೇರಿದ. ಮಂಗಳವಾರ ಚೌಡಮ್ಮ ಬಂದಳು. ನಿನ್ನ ದೇವರುಗಳಿಗೆ ವಾರವೇ ಸಾಲದಾಯಿತು. ದಿನಕ್ಕೆ ಒಂದೇ ಹೊತ್ತು, ಅದೂ ಹಿಡಿಯಷ್ಟು. ಲಗ್ನಕ್ಕೆ ಹೋದಲ್ಲಿ, ತೊಟ್ಟಿಲಿಗೆ ಹೋದಲ್ಲಿ ನಾನೇ ಸಾರಿದ್ದು, "ನಮ್ಮ ವಾಣಿದು ವಾರಕ್ಕೆ ನಾಲ್ಕು ದಿನ ಒಪ್ಪತ್ತು ಕಣ್ರೀ, ಈಗಿನ ಕಾಲದಾಗೆ ಯಾವ ಹುಡುಗಿ ಮಾಡ್ತಾಳೆ?" ಹೆಂಗಸರೆಲ್ಲ ನಿನ್ನ ಕಡೆ ನೋಡಿ ಕೈಮುಗಿಯುವುದೊಂದು ಬಾಕಿ. ಮಗಳು ಉಪವಾಸ ಬಿದ್ದು ಸಾಯುತ್ತಿದ್ದರೆ ಭಕ್ತಿ ಎಂದು ಊರಲ್ಲಿ ಹಂಚಿದ ತಾಯಿ ನಾನೊಬ್ಬಳೇ ಇರಬೇಕು.

ಜೂನ್ ತಿಂಗಳಲ್ಲಿ ಚಿಕ್ಕಮ್ಮನ ಹೊಸ ಮನೆ ಗೃಹಪ್ರವೇಶದಲ್ಲಿ ನೀನು ಪಂಕ್ತಿಯಲ್ಲೇ ಎಲೆಯ ಮೇಲೆ ಬಿದ್ದೆಯಲ್ಲ, ಆಗಲೂ ನಾನು ಓಡಿಬಂದು ಹೇಳಿದ ಮೊದಲ ಮಾತು, "ಏನಿಲ್ಲ, ಏನಿಲ್ಲ, ಇವತ್ತು ಅವಳದು ಒಪ್ಪತ್ತು." ಪ್ರಮೀಳಾ ನಿನ್ನ ಬಳೆ ಮೇಲಕ್ಕೆ ಸರಿಸಿದಳು. ಬಳೆ ಮೊಣಕೈ ದಾಟಿ ಹೋಯಿತು. ನನ್ನ ಮುಖ ನೋಡಿ, ಅಷ್ಟು ಜನರ ನಡುವೆ, "ಅಕ್ಕಾ, ಇದು ದೇವರ ಕೆಲಸ ಅಲ್ಲ. ಇವಳು ಇಲ್ಲೇ ಇರ್ಲಿ, ನೀನು ಹೊರಡು" ಎಂದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೃಹಪ್ರವೇಶಕ್ಕೆ ಕರೆದು ಮನೆಯಿಂದ ಅಟ್ಟುತ್ತೀಯೇನೇ ಎಂದು ಜಗಳ ತೆಗೆದೆ. ಆಗಸ್ಟಿನಲ್ಲಿ ನಿನ್ನ ಬಟ್ಟೆಬರೆ ಹಿಡಿದುಕೊಂಡು ಬಂದಾಗಲೂ ಅವಳು ಚೀಲ ಮಾತ್ರ ಒಳಗೆ ತೆಗೆದುಕೊಂಡು ನನ್ನನ್ನು ಗೇಟಿನಿಂದಲೇ ಕಳಿಸಿದಳು. ಕಿಟಕಿಯಲ್ಲಿ ನೀನು ನಿಂತಿದ್ದೆ. ಕೈ ಎತ್ತುತ್ತೀಯೇನೋ ಎಂದು ನೋಡಿದೆ. ಎತ್ತಲಿಲ್ಲ, ಸರಿಯೇ ಬಿಡು.

ಬುಧವಾರ ಮಧ್ಯಾಹ್ನ

ಸೋಮವಾರ ಅಲ್ಲಿಗೆ ನಿಲ್ಲಿಸಿದೆ, ಕಣ್ಣು ಮಂಜಾಯಿತು. ಈಗ ಮುಂದುವರಿಸುತ್ತೇನೆ.

ಚಿಕ್ಕಮ್ಮ ನಿನ್ನ ದಿನಚರಿ ಹೇಳಿದಳು. ಹೊತ್ತಿಗೆ ಸರಿಯಾಗಿ ಮೂರು ಸಲ ಅವಳ ಜೊತೆಯೇ ಕೂರುತ್ತೀಯಂತೆ. ತಟ್ಟೆಯ ಮಾತು ಬಿಟ್ಟು ಬೇರೇನಾದರೂ ಹರಟೆ ಹೊಡೆಯುತ್ತೀರಂತೆ. ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಾಳಂತೆ. ಸಂಜೆ ಗದ್ದೆ ಬದುವಿನ ಮೇಲೆ ಒಂದು ಸುತ್ತು, ಮಲಗುವ ಮುಂಚೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವುದು. ಹೋದ ಭಾನುವಾರ ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದಾಗ ಹಕ್ಕಿಗಳ ಗಲಾಟೆ ಕೇಳಿ, "ನಮ್ಮ ಮನೆ ಲಗ್ನದ ಪಂಕ್ತಿ ಇದ್ದಂಗಿದೆ" ಎಂದು ನಕ್ಕೆಯಂತೆ. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕಳು ಅಕ್ಕಾ ಎಂದು ಪ್ರಮೀಳಾ ಫೋನಿನಲ್ಲಿ ಅತ್ತಳು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇನು. ಹೆತ್ತವಳಿಂದ ಆಗದ್ದು ಇವಳಿಂದ ಆಯಿತಲ್ಲ ಎಂದು.

ಮೇಡಂ ನನಗೂ ಒಂದು ಕೆಲಸ ಕೊಟ್ಟಿದ್ದಾರೆ. ಹೋದ ವಾರ ಹೋದಾಗ ಕೇಳಿದರು, "ನೀವು ಹಸಿವಾದಾಗ ಊಟ ಮಾಡ್ತೀರಾ ಅಮ್ಮಾ?" ಎಲಾ ಇವಳ, ಇದೆಂಥ ಪ್ರಶ್ನೆ ಎನಿಸಿತು. ಆಮೇಲೆ ಲೆಕ್ಕ ಹಾಕಿದೆ. ನಿನ್ನ ಅಜ್ಜಿ ಇರುವ ತನಕ ಅವರ ಕಣ್ಣು ನನ್ನ ತಟ್ಟೆಯ ಮೇಲೆ. ಅವರು ಹೋದ ಮೇಲೆ ಎಲ್ಲರದೂ ಆಗಿ ಪಾತ್ರೆಯಲ್ಲಿ ಏನು ಮಿಕ್ಕಿದೆಯೋ ಅದರ ಮೇಲೆ ನನ್ನ ಕಣ್ಣು. ಮಿಕ್ಕರೆ ಹೆಚ್ಚು, ಮಿಗದಿದ್ದರೆ ಕಡಿಮೆ. ಅದೂ ನಿಂತುಕೊಂಡು, ಕಟ್ಟೆಯ ಹತ್ತಿರ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಇದೆಯಲ್ಲ, ನಮ್ಮ ಮನೆಯ ಹೆಂಗಸರಿಗೆ ಎರಡೂ ಪರರಿಚ್ಛೆಯೇ. ನನ್ನದು ಹೀಗಿರುವಾಗ ನಿನಗೆ ಏನು ಕಲಿಸಿಯೇನು?

"ಬಿಸಿ ಇರುವಾಗಲೇ ಬಡಿಸಿಕೊಂಡು ಕೂತು ತಿನ್ನಿ, ಇಷ್ಟೇ ಮಾಡಿ" ಎಂದರು ಮೇಡಂ. ನಿನ್ನೆ ಮಾಡಿದೆ. ಎರಡು ಬಿಸಿ ರೊಟ್ಟಿ, ಪಲ್ಯ ಹಾಕಿಕೊಂಡು ಅಪ್ಪಾಜಿ ಎದುರಿಗೆ ಕೂತೆ. ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿ, "ಯಾಕೆ, ಹುಷಾರಿಲ್ವೇನು?" ಎಂದರು. ಮೂವತ್ತು ವರ್ಷದ ಸಂಸಾರ! ಹೆಂಡತಿ ಎದುರಿಗೆ ಕೂತು ಉಂಡರೆ ಅವಳಿಗೆ ಜ್ವರ ಬಂದಿರಬೇಕು. ಆದರೂ ಏಳಲಿಲ್ಲ. ಇವತ್ತೂ ಕೂತೆ.

ಅದೇ ದಿನ ಮೇಡಂ ಇನ್ನೊಂದು ವಿಷಯ ಕೇಳಿದರು. ಇದಕ್ಕೇ ಈ ಪತ್ರ ಇಷ್ಟು ಉದ್ದವಾಗುತ್ತಿದೆ. ನಿನ್ನ ಪುಸ್ತಕದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದಂತೆ, ಅಮ್ಮನಿಗೆ ತೋರಿಸಬಹುದು ಎಂದು ನೀನೇ ಒಪ್ಪಿದ್ದೀಯಂತೆ. ತೋರಿಸಿದರು. "ಹುಡುಗಿ ಲಕ್ಷಣವಾಗಿದಾಳೆ, ಆದ್ರೆ ಮೈ ಜಾಸ್ತಿ ಆಯ್ತು." ಒಂದು ಪುಟದಲ್ಲಿ ಹನ್ನೊಂದು ಸಲ. ನಿನ್ನ ದುಂಡು ಅಕ್ಷರ.

"ಇದು ಯಾರು ಹೇಳಿದ್ದು?" ಎಂದರು ಮೇಡಂ.

"ಮೂರು ವರ್ಷದ ಹಿಂದೆ ಸೊರಬದ ಕಡೆಯಿಂದ ನೋಡೋಕೆ ಬಂದಿದ್ರು. ಅವರು ಹೇಳಿದ್ದು. ಫೋನಿನಲ್ಲಿ" ಎಂದೆ.

"ವಾಣಿಶ್ರೀಗೆ ಹೇಳಿದ್ದು ಯಾರು?"

"ನಾನು."

"ತುತ್ತು ಎತ್ತಿದಾಗೆಲ್ಲ ಈ ಮಾತು ಕಿವಿಯಲ್ಲಿ ಕೇಳುತ್ತೆ ಅಂತಾರೆ ನಿಮ್ಮ ಮಗಳು. ಇದು ಹೋಗೋ ತನಕ ಅವರು ಪೂರ್ತಿ ಗುಣ ಆಗೋದು ಕಷ್ಟ" ಎಂದು ಪುಸ್ತಕ ಮುಚ್ಚಿದರು. ಬಸ್ಸಿನಲ್ಲಿ ಬರುವಾಗ ನನ್ನ ಕಿವಿಯಲ್ಲೂ ಅದೇ ಕೇಳಿತು, ಶಿಕಾರಿಪುರ ಬರುವ ತನಕ.

ಇರಲಿ. ಮಳೆ ಚೆನ್ನಾಗಿದೆ, ಅಂಬ್ಲಿಗೊಳದ ಡ್ಯಾಂ ತುಂಬಿದೆಯಂತೆ. ತಂಡಿ ಹೊತ್ತಿನಲ್ಲಿ ಕಿವಿಗೆ ಕಟ್ಟಿಕೊಂಡು ತಿರುಗು. ಚಿಕ್ಕಮ್ಮನ ಮಾತು ಕೇಳು, ನನ್ನದಕ್ಕಿಂತ ಹೆಚ್ಚು ಕೇಳು. ಶಿವ ನಿನಗೆ ಆಯುಸ್ಸು, ಆರೋಗ್ಯ ಕೊಡಲಿ. ನಿನ್ನ ಒಪ್ಪತ್ತು ಅವನಿಗೆ ಬೇಕಿಲ್ಲ, ನಾನೇ ಗುಡಿಗೆ ಹೋಗಿ ಹೇಳಿ ಬಂದಿದ್ದೇನೆ. ಹಸಿರು ರವಿಕೆಯ ನಾಲ್ಕೂ ಸಾಲು ಬಿಚ್ಚಿ ಇಟ್ಟಿದ್ದೇನೆ. ಬಟ್ಟೆಯಲ್ಲಿ ಸೂಜಿಯ ತೂತು ಉಳಿದಿವೆ, ಒಗೆದರೂ ಹೋಗಲಿಲ್ಲ.

ಇಂತಿ ನಿನ್ನ ಅಮ್ಮ,
ರಾಜೇಶ್ವರಮ್ಮ

ಮರೆತ ಮಾತು:

ಮರೆತದ್ದಲ್ಲ. ಮೂರು ವರ್ಷ ಬಚ್ಚಿಟ್ಟದ್ದು. ಪ್ರಮೀಳಾ, ಉಳಿದದ್ದು ಏನು ಬೇಕಾದರೂ ಹೊಡೆದುಹಾಕು, ಈ ಹಾಳೆ ಮಾತ್ರ ಅವಳ ಕೈಗೆ ಕೊಡು.

ವಾಣಿ, ಸೊರಬದ ಆ ಹುಡುಗ ಗುರುಪ್ರಕಾಶನ ಮನೆಯವರು ಆ ಮಾತು ಹೇಳಲೇ ಇಲ್ಲ.

ಅವರು ಬಂದ ದಿನ ಮೆಣಸಿನಕಾಯಿ ಬಜ್ಜಿ ಮಾಡಿದ್ದೆ. ನೀನು ಅವರ ಜೊತೆ ಕೂತು ಎರಡು ತಿಂದು, ಮೂರನೆಯದಕ್ಕೆ ಕೈ ಹಾಕಿದೆ. ನಾನು ಹಿಂದಿನಿಂದ ನಿನ್ನ ತೋಳು ಚಿವುಟಿದೆ. ಎರಡನೇ ದಿನ ಫೋನ್ ಬಂತು. ತಾಯಿ ಅಲ್ಲ, ಅವನೇ ಮಾಡಿದ್ದ. "ಅಮ್ಮಾವ್ರೇ, ನಮ್ಮನೇಲಿ ಎಲ್ರಿಗೂ ಒಪ್ಪಿಗೆ. ಐದು ಕಡೆ ಹುಡುಗಿ ನೋಡಿದ್ದೆ ನಾನು, ಎಲ್ರೂ ತಟ್ಟೆ ಮುಂದೆ ತಲೆ ತಗ್ಗಿಸ್ಕೊಂಡು ಕೂರೋರು. ನಿಮ್ಮ ಮಗಳು ನಗ್ತಾ ನಗ್ತಾ ಮೂರನೇ ಬಜ್ಜಿ ತಗೊಂಡ್ರಲ್ಲ, ಆಗ್ಲೇ ನಂಗೆ ಗೊತ್ತಾಯ್ತು. ನೀವು ಚಿವುಟಿದ್ದೂ ನೋಡ್ದೆ. ಬೈಬ್ಯಾಡ್ರೀ ಅವರಿಗೆ" ಎಂದ. ನಕ್ಕ.

ಅವನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಿನ್ನನ್ನು ದನದ ಕಾಂಪೌಂಡರನಿಗೆ ಕೊಟ್ಟರೆ ನನ್ನ ಓರಗಿತ್ತಿಯರ ಎದುರಿಗೆ ತಲೆ ಎತ್ತುವುದು ಹೇಗೆ ಎಂಬುದೊಂದೇ ನನ್ನ ಚಿಂತೆ. ಜಾತಕ ಕೂಡಲಿಲ್ಲ ಎಂದು ಅವನಿಗೆ ಹೇಳಿದೆ. ಅವರು ಬೇಡವೆಂದರು ಎಂದು ಅಪ್ಪಾಜಿಗೆ ಹೇಳಿದೆ. ಎರಡು ದಿನದಿಂದ ನೀನು ಮಿಷನ್ ತುಳಿಯುತ್ತ ಹಾಡು ಗುನುಗುತ್ತಿದ್ದೆ, ನಿನ್ನ ಬಾಯಿ ಮುಚ್ಚಿಸಬೇಕಿತ್ತು. ಆಗ ಬಾಯಿಗೆ ಬಂದದ್ದು ಆ ಮಾತು. ಹೇಗೂ ನನ್ನ ಮನಸ್ಸಿನಲ್ಲಿ ಇದ್ದದ್ದೇ. ಹುಡುಗನನ್ನೂ ಮರೆಯುತ್ತಾಳೆ, ಮೈಯೂ ಇಳಿಸುತ್ತಾಳೆ ಎಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನಿಗೆ ಮದುವೆಯಾಗಿದೆ, ಒಂದು ಮಗುವೂ ಇದೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ನಿನ್ನ ಪುಸ್ತಕದಲ್ಲಿ ಆ ಮಾತು ಎಷ್ಟು ಕಡೆ ಇದೆಯೋ ಅಷ್ಟೂ ಕಡೆ ಪಕ್ಕದಲ್ಲಿ ಹೇಳಿದವರ ಹೆಸರು ಬರೆ. ಹನ್ನೊಂದು ಸಲವೂ ನನ್ನ ಹೆಸರೇ ಬರೆ.