ದ್ವೀಪದ ಬಳಿ ಅಲೆ ಎರಡು ಮೀಟರ್

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಇಲ್ಲ. ಆ್ಯಪ್‌ನಲ್ಲಿ ಗಾಳಿ ಕಡಿಮೆ, ರೇಡಿಯೊದಲ್ಲೂ ಕಡಿಮೆ. ಬಂದರಿನ ವೆಬ್‌ಸೈಟ್ ತೆರೆದರೆ — ದ್ವೀಪದ ಬಳಿ ಅಲೆ ಎರಡು ಮೀಟರ್. ನನ್ನ ಪುಟ್ಟ ದೋಣಿಗೆ ಒಂದು ಮೀಟರೇ ಹೆಚ್ಚು. ಅಲ್ಲಿಗೆ ಮುಗಿಯಿತು. ಲೈಫ್ ಜಾಕೆಟ್ ಬಿಚ್ಚಿಟ್ಟು ಸ್ಕೂಲ್ ವ್ಯಾನ್ ಓಡಿಸಲು ಹೋದೆ.

ತಂಗಿ ಆ ದ್ವೀಪದಲ್ಲಿದ್ದಾಳೆ. ಒಬ್ಬಳೇ, ದೀಪಸ್ತಂಭ ನೋಡಿಕೊಂಡು. ಹತ್ತನೇ ತಾರೀಖು ಅವಳ ಕಣ್ಣಿನ ಆಪರೇಷನ್. ಎಡಗಣ್ಣು ಹೋದ ವರ್ಷವೇ ಮಬ್ಬಾಯಿತು. ಈ ತಾರೀಖು ತಪ್ಪಿದರೆ ಬಲಗಣ್ಣಿಗೂ ಭರವಸೆ ಇಲ್ಲ ಅಂದಿದ್ದಾರೆ ಡಾಕ್ಟರು. ದ್ವೀಪಕ್ಕೆ ಸಾಮಾನು ಒಯ್ಯುವ ಬೋಟು ರಿಪೇರಿಗೆ ಹೋಗಿದೆ. ನಾನೇ ಹೋಗಿ ಕರೆತರಬೇಕು. ತರುತ್ತೇನೆ.

ಮಾರ್ಚ್ 4

ಎರಡು ಮೀಟರ್. ಇಲ್ಲಿ ಒಂದೆಲೆ ಅಲ್ಲಾಡುತ್ತಿಲ್ಲ!

ಇವರು ನನ್ನ ಫೋನಿಗೆ ಇಣುಕಿ, "ಸಮುದ್ರ ನಮ್ಮಮ್ಮನ ಥರ ಕಣೇ. ದಡದಲ್ಲಿ ನಿಂತೋರಿಗೆ ಒಳಗಿಂದು ಗೊತ್ತಾಗಲ್ಲ" ಅಂದರು. ಹೆತ್ತಮ್ಮನನ್ನೇ ಆಡಿಕೊಳ್ಳುತ್ತಾರೆ. ದೋಣಿಗೆ ಕಾಲಿಟ್ಟರೆ ವಾಂತಿ ಮಾಡುವ ಗಂಡಸು, ಬಾಯಿಗೇನೂ ಕಮ್ಮಿ ಇಲ್ಲ.

ತಂಗಿಗೆ ಫೋನ್ ಮಾಡಿದೆ. "ಅವಸರ ಮಾಡ್ಬೇಡ ಅಕ್ಕಾ, ಅಲೆ ಜೋರಿದೆ" ಅಂದಳು. ದಿನಾ ಬೆಳಿಗ್ಗೆ ದೋಣಿ ನಿಲ್ಲುವ ಕಟ್ಟೆಯ ಮೇಲೆ ನಿಂತು ಅಲೆ ನೋಡಿ ಬಂದರಿಗೆ ಹೇಳುವವಳು ಅವಳೇ. ಅವಳು ಹೇಳಿದ್ದೇ ವೆಬ್‌ಸೈಟಿನಲ್ಲಿ ಬರುವುದು. ಅವಳ ಮಾತು ಮೀರಿ ಹೇಗೆ ಹೊರಡಲಿ?

ಮಾರ್ಚ್ 7

ಬರೆಯಲು ಮನಸ್ಸೇ ಇರಲಿಲ್ಲ. ಎರಡು ದಿನ ನಿಜವಾದ ಗಾಳಿ, ಒಗೆದ ಬಟ್ಟೆ ಹಗ್ಗದ ಸಮೇತ ಪಕ್ಕದ ಮನೆಗೆ ಹೋಗಿ ಬಿತ್ತು. ಆಗಲೂ ವೆಬ್‌ಸೈಟಿನಲ್ಲಿ ಎರಡು ಮೀಟರ್. ಇವತ್ತು ಗಾಳಿ ಸತ್ತಿದೆ. ಇವತ್ತೂ ಎರಡು ಮೀಟರ್... ಇದೇನಪ್ಪಾ ಲೆಕ್ಕ?

ಮೀನಿನ ಬೋಟಿನ ಯಜಮಾನ ದ್ವೀಪದ ಪಕ್ಕದಿಂದಲೇ ಬಂದಿದ್ದ. ಕೇಳಿದೆ. "ಅಲೆನಾ? ಎಲ್ಲಿದೆ ಅಲೆ? ಚಾಪೆ ಹಾಸಿ ಮಲಗ್ಬಹುದಿತ್ತು! ನಿನ್ನ ತಂಗೀನ ನಾನೇ ಹತ್ತಿಸ್ಕೊಂಡು ಬರ್ತಿದ್ದೆ. ನನ್ನ ಬೋಟು ಆ ಕಟ್ಟೆ ಹತ್ರ ಹೋದ್ರೆ ತಳ ತಾಗುತ್ತಲ್ಲ."

ಮೈಯೆಲ್ಲ ಉರಿಯಿತು. ಆಪರೇಷನ್ನಿಗೆ ಹೆದರಿ ಸುಳ್ಳು ಹೇಳುತ್ತಿದ್ದಾಳೆ, ಕತ್ತೆ! ವ್ಯಾನಿನಲ್ಲೇ ಕೂತು ಫೋನ್ ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ —

"ಸುಳ್ಳಲ್ಲ ಅಕ್ಕಾ. ಕಾಣ್ಸಲ್ಲ."

"ಏನು ಕಾಣ್ಸಲ್ಲ?"

"ಅಲೆ. ಎಲ್ಲಾ ಒಂದೇ ಬೂದು ಬಣ್ಣ. ಕಮ್ಮಿ ಹೇಳಿ ಯಾರಾದ್ರೂ ಹೊರಟು ಮುಳುಗಿಬಿಟ್ರೆ? ಎರಡು ಅಂದ್ರೆ ಸಣ್ಣ ದೋಣಿಯೋರು ಯಾರೂ ಹೊರಡಲ್ಲ. ಅದಕ್ಕೇ ದಿನಾ ಎರಡು ಅಂತೀನಿ."

"ನನಗಾದ್ರೂ ಹೇಳ್ಬಾರ್ದಾ?"

"ಹೇಳಿದ್ರೆ ಆ ಗಾಳೀಲೇ ಹೊರಟುಬಿಡ್ತಿದ್ದೆ ನೀನು."

ಹೌದು, ಹೊರಡುತ್ತಿದ್ದೆ. ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಅತ್ತು ಮುಗಿಸಿ, ಬಂದರಿಗೆ ನಿಜ ಹೇಳು ಅಂದೆ. ಹೇಳಿದಳು. ಕೆಲಸ ಹೋದರೆ ಹೋಗಲಿ, ಕಣ್ಣು ಉಳಿಯಲಿ.

ಮಾರ್ಚ್ 8, ಸಂಜೆ

ಇವತ್ತು ಮತ್ತೆ ಗಾಳಿ ಎದ್ದಿತ್ತು. ನಾಳೆಯೇ ಹೋಗುವುದು. ಮಧ್ಯಾಹ್ನದವರೆಗೆ ಗಾಳಿ ಕಡಿಮೆ, ಆಮೇಲೆ ಏರುತ್ತದೆ. ಆ್ಯಪ್ ಹೇಳಿದ್ದನ್ನೇ ರೇಡಿಯೊವೂ ಹೇಳಿತು. ವೆಬ್‌ಸೈಟಿನಲ್ಲಿ ದ್ವೀಪದ ಹೆಸರಿನ ಮುಂದೆ ಈಗ ಅಂಕಿ ಇಲ್ಲ, ಬರೀ ಗೆರೆ. ಅಲ್ಲಿಯ ಸುದ್ದಿ ಇಲ್ಲದೆ ಹೊರಡುವಷ್ಟು ಪೆದ್ದಿ ನಾನಲ್ಲ.

ತಂಗಿಗೆ ಹೇಳಿದೆ — "ಬೆಳಿಗ್ಗೆ ಕಟ್ಟೆಯ ಮೆಟ್ಟಿಲ ಮೇಲೆ ಕೂತ್ಕೋ. ಕಣ್ಣು ಬೇಡ. ನೀರು ಎಲ್ಲೀವರೆಗೆ ಬರುತ್ತೆ, ಕಾಲಲ್ಲಿ ನೋಡಿ ಹೇಳು."

"ಜಾರಿ ಬಿದ್ರೆ?"

"ಕಂಬಿ ಹಿಡ್ಕೋ ತಾಯಿ!"

ನಕ್ಕಳು. ಎಷ್ಟು ದಿನವಾಗಿತ್ತೋ ಅವಳ ನಗು ಕೇಳಿ.

ಇವರು ತಾವೂ ಬರುತ್ತೇನೆಂದರು. "ಅವಳನ್ನ ನೋಡ್ಕೊಳ್ಲಾ, ನಿಮ್ಮ ವಾಂತಿ ನೋಡ್ಕೊಳ್ಲಾ?" ಅಂದೆ. ಪೆಟ್ರೋಲ್ ಕ್ಯಾನ್ ಹೊತ್ತು ತಂದು ದೋಣಿಗೆ ಇಳಿಸಿದರು. ಪಾಪ.

ಮಾರ್ಚ್ 9, ಬೆಳಿಗ್ಗೆ

ತಂಗಿಯ ಫೋನ್. "ಪಾದ ಒದ್ದೆ ಆಗ್ತಿದೆ ಅಕ್ಕಾ, ಅಷ್ಟೇ. ಮೊಣಕಾಲಿಗೆ ಬರ್ತಿಲ್ಲ." ಹೊರಟೆ.

ಅದೇ ದಿನ, ದ್ವೀಪ

ತಲುಪಿದೆ. ದೀಪದ ಕೋಣೆಗೆ ಬೀಗ ಹಾಕಲು ಹೋಗಿದ್ದಾಳೆ. ಜೊತೆಗೆ ಬರುತ್ತೇನೆಂದರೆ ಬೇಡವಂತೆ, ಒಬ್ಬಳೇ ಹಾಕಬೇಕಂತೆ. ದೋಣಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀರೇನೋ ಒಳ್ಳೆಯದಿತ್ತು. ದೂರದಿಂದಲೇ ಕಂಡಳು, ಒಳ್ಳೆಯ ಬಟ್ಟೆ ಹಾಕಿಕೊಂಡು ಕಟ್ಟೆಯ ಮೇಲೆ. ಕೈ ಬೀಸತೊಡಗಿದಳು, ಚಿಕ್ಕವಳಿದ್ದಾಗ ಬೀಸುತ್ತಿದ್ದಷ್ಟೇ ಜೋರಾಗಿ. ನಾನೂ ಎದ್ದು ನಿಂತು ಬೀಸಿದೆ. ಹತ್ತಿರ ಬಂದ ಮೇಲೆ ನೋಡಿದರೆ — ಅವಳ ಮುಖ ನನ್ನ ಕಡೆಗಿಲ್ಲ. ಇಂಜಿನ್ ಸದ್ದು ಆಚೆಯ ಬಂಡೆಗೆ ಬಡಿದು ಅಲ್ಲಿಂದ ಕೇಳಿಸಿರಬೇಕು. ಬಂಡೆಗೆ ಕೈ ಬೀಸುತ್ತಿದ್ದಳು.

"ಇಲ್ಲಿ ಕಣೇ, ಇಲ್ಲಿ!" ಕೂಗಿದೆ.

"ಗೊತ್ತು, ಗೊತ್ತು" ಅಂದಳು, ತಿರುಗುತ್ತಾ.

ಗಾಳಿ ಏರುವ ಮೊದಲು ಹೊರಡಬೇಕು. ನಾಳೆ ಈ ಹೊತ್ತಿಗೆ ಆಸ್ಪತ್ರೆ. ಬಂದಳು, ಗೋಡೆ ಸವರಿಕೊಂಡು... ಮೆಟ್ಟಿಲು ಇಳಿಯುತ್ತಿದ್ದಾಳೆ. ಸಾಕು, ಎದ್ದು ಅವಳ ಕೈ ಹಿಡಿಯಬೇಕು.