ಡಿವಿಡಿಯಲ್ಲಿ ಇಲ್ಲದ ಸೀನು

ಜನವರಿ 9, ಗುರುವಾರ

ಏಳಕ್ಕೆ ಮಾತ್ರೆ. ಏಳೂವರೆಗೆ ಕಾಫಿ. ನಳಿನಾ ಎರಡು ಸಲ ಸಕ್ಕರೆ ಹಾಕಿದಳು. ಕುಡಿದೆ. ಶೀಟಿನಲ್ಲಿ ಬರೆದೆ.

ಶೀಟು ನ್ಯೂರಾಲಜಿಸ್ಟ್ ಆಫೀಸಿನ ನರ್ಸ್ ಕೊಟ್ಟಿದ್ದು. ತಾರೀಖು, ಗಂಟೆ, ಎಡಗಡೆ ‘ಪೇಷೆಂಟ್ ಹೇಳಿದ್ದು’, ಬಲಗಡೆ ‘ನಿಜ’. ಫೆಬ್ರವರಿ 6ರ ಅಪಾಯಿಂಟ್‌ಮೆಂಟಿಗೆ ತುಂಬಿಕೊಂಡು ಹೋಗಬೇಕು. ನನಗೆ ಹೊಸ ಕೆಲಸವೇನಲ್ಲ. ಮಾರಿಸ್‌ಟೌನಿನಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ಟೆಸ್ಟಿಂಗ್ ಮಾಡಿದವನು. ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿಯೇ ಅನ್ನ ತಿಂದದ್ದು. ಈಗ ರಿಟೈರ್ ಆಗಿ ಹೆಂಡತಿಯ ತಪ್ಪು ಹುಡುಕುತ್ತಿದ್ದೇನೆ.

ಕಾಲಮ್ಮಿಗೆ ಹೊಂದದೇ ಇರೋದನ್ನ ಇಲ್ಲಿ ಬರೆದುಕೊಳ್ಳೋಣ ಅಂತ. ಯಾರೂ ಓದೋದಿಲ್ಲ.

ಹೊರಗೆ 19 ಡಿಗ್ರಿ ಫ್ಯಾರನ್‌ಹೀಟ್, ಹಿಮಗಟ್ಟುವ ಚಳಿ. ಕಾಲು ಜಾರದಿರಲಿ ಅಂತ ಡ್ರೈವ್‌ವೇಗೆ ಉಪ್ಪು ಹಾಕಿದೆ.

ಜನವರಿ 12, ಭಾನುವಾರ

ಬಾಸ್ಟನ್ನಿನಿಂದ ಮಗಳು ಗಗನಾ ಅವಳ ಅಮ್ಮನಿಗೆ ಅಂತ ಕಳಿಸಿದ್ದ ಡಿವಿಡಿ ಬಾಕ್ಸ್ ಇವತ್ತು ಒಡೆದೆವು. ಬಯೋನ್ ಊರಿನಲ್ಲಿ ಲಾಂಡ್ರೊಮ್ಯಾಟ್, ಅಂದರೆ ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ, ನಡೆಸುವ ಪೋಲಿಷ್ ಸಂಸಾರದ ಹಳೇ ಕಾಮಿಡಿ. ಅದರ ಪೂರ್ತಿ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಲಾಂಡ್ರಿ ಷೋ, ಅಷ್ಟೇ.

93-94ರಲ್ಲಿ ಮಂಗಳವಾರ ರಾತ್ರಿ ಎಂಟೂವರೆಗೆ ಬರುತ್ತಿತ್ತು. ನಾವಾಗ ಐಸೆಲಿನ್‌ನ ಅಪಾರ್ಟ್‌ಮೆಂಟಿನಲ್ಲಿ. ನಾನು ಮನೆ ಸೇರುವಾಗ ಹತ್ತು. ಅವಳದು ಎಚ್-4, ಗಂಡನ ಹಿಂದೆ ಬಂದವರ ವೀಸಾ. ಕೆಲಸ ಇಲ್ಲ, ಕಾರಿಲ್ಲ, ಮಾತಾಡೋಕೆ ಜನ ಇಲ್ಲ. ಇಲ್ಲಿನ ಇಂಗ್ಲಿಷ್ ಕಲಿತದ್ದು ಆ ಷೋ ನೋಡಿ. ವಿಸಿಆರ್‌ನಲ್ಲಿ ಹಿಡಿದಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು. ನಾನು ಒಂದು ಎಪಿಸೋಡೂ ನೋಡಿರಲಿಲ್ಲ.

ಇವತ್ತು ಎರಡು ನೋಡಿದೆವು. ಟಿವಿಯ ಜನ ನಗುವ ಮೊದಲೇ ಇವಳು ನಗುತ್ತಾಳೆ. ಬಹಳ ದಿನವಾಗಿತ್ತು ಹಾಗೆ ನಕ್ಕು. ಆ ಸಂಸಾರದ ಅಜ್ಜಿ ಬಂದ ಕೂಡಲೇ ಹೇಳಿದಳು—

“ಎರಡನೇ ಸೀಸನ್ನಲ್ಲಿ ಒಂದು ಸೀನ್ ಇದೆ ರೀ. ಅಜ್ಜಿ ಪೋಲೆಂಡಲ್ಲಿರೋ ತಂಗಿಗೆ ಫೋನ್ ಮಾಡ್ತಾಳೆ. ಏನು ಮಾತಾಡೋದು ಅಂತಾನೇ ಗೊತ್ತಾಗಲ್ಲ. ರಿಸೀವರ್ ತಗೊಂಡೋಗಿ ಬಟ್ಟೆ ಒಣಗಿಸೋ ಡ್ರೈಯರ್‌ಗೆ ಹಿಡೀತಾಳೆ. ಕೇಳು, ಎಲ್ಲಾ ಓಡ್ತಿದೆ ಅಂತಾಳೆ. ಅದು ನೋಡಿ ಅಳು ಬಂದ್ಬಿಡ್ತು ನಂಗೆ.”

ಕಪ್ ಕೆಳಗಿಟ್ಟೆ. ಅದು ಷೋದಲ್ಲಿ ನಡೆದದ್ದಲ್ಲ. ನಮ್ಮ ಮನೆಯಲ್ಲಿ ನಡೆದದ್ದು. 94ರ ಶಿವರಾತ್ರಿ ಮಾರನೇ ದಿನ. ಮೈಸೂರಿಗೆ ಅವಳ ಅಮ್ಮನಿಗೆ ಫೋನು. ಅಡುಗೆಮನೆಯ ಕ್ಲಾಸೆಟ್ಟಿನಲ್ಲಿ ಡ್ರೈಯರ್ ತಿರುಗುತ್ತಿತ್ತು. ರಿಸೀವರನ್ನ ಅದಕ್ಕೆ ಹಿಡಿದು “ಕೇಳಿಸ್ತಾ ಅಮ್ಮ? ಎಲ್ಲಾ ಓಡ್ತಿದೆ” ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಕನ್ನಡ ಕೂಟದಲ್ಲಿ ಹತ್ತು ವರ್ಷ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ತಾನು ಮಾಡಿದ್ದನ್ನ ಟಿವಿಯ ಅಜ್ಜಿಗೆ ಅಂಟಿಸಿದ್ದಾಳೆ. ಶೀಟಿನಲ್ಲಿ ಬರೆದೆ. ಹನ್ನೊಂದನೇ ಸಾಲು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಪದ್ಮಜಾ ಎಳ್ಳು ಬೆಲ್ಲ ತಂದುಕೊಟ್ಟರು. ಐಸೆಲಿನ್ ಕಾಲದ ಗೆಳತಿ, ಈಗ ಎರಡು ಬೀದಿ ಆಚೆ. ನಳಿನಾ ಅವರಿಗೂ ಡ್ರೈಯರ್ ಸೀನ್ ಹೇಳಿದಳು. ನಾನು ಅಡ್ಡ ಬಾಯಿ ಹಾಕಿದೆ.

“ಅದು ನೀನು ಮಾಡಿದ್ದು ಕಣೆ. ಷೋದಲ್ಲಿ ಇಲ್ಲ.”

“ನಾನೂ ಮಾಡಿದೀನಿ. ಷೋದಲ್ಲೂ ಇದೆ.”

“ನೋಡೇಬಿಡೋಣ ಹಾಗಾದ್ರೆ.”

ಪದ್ಮಜಾ ಎಳ್ಳು ಅಗಿಯುತ್ತಾ ಇಬ್ಬರನ್ನೂ ನೋಡಿದರು. ಬೇಗ ಹೊರಟರು.

ಜನವರಿ 26, ಭಾನುವಾರ

ಎರಡನೇ ಸೀಸನ್ ಮುಗಿಯಿತು. ಇಪ್ಪತ್ನಾಲ್ಕೂ ಎಪಿಸೋಡು. ಪೆನ್ನು ಹಿಡಿದು, ಒಂದೊಂದು ಸೀನಿಗೂ ಟಿಕ್ ಹಾಕಿಕೊಂಡು ನೋಡಿದೆ. ಅನುಮಾನ ಬಂದದ್ದನ್ನ ಎರಡೆರಡು ಸಲ. ಫೋನು ನಾಲ್ಕು ಕಡೆ ಬರುತ್ತೆ. ಡ್ರೈಯರಿಗೆ ಹಿಡಿಯೋದು ಎಲ್ಲೂ ಇಲ್ಲ.

ಪಟ್ಟಿ ತೋರಿಸಿದೆ.

“ನೋಡು. ಇಲ್ಲ.”

ಎಲ್ಲ ಹಾಳೆಗಳನ್ನೂ ತಿರುವಿ ನೋಡಿದಳು. ಕನ್ನಡಕ ತೆಗೆದು ಒರೆಸಿದಳು.

“ಇತ್ತಲ್ಲ ರೀ…”

“ಎಲ್ಲಿದೆ? ತೋರಿಸು.”

ರಿಮೋಟನ್ನ ಅವಳ ಕೈಗೇ ಕೊಟ್ಟೆ. ಹಾಗೆ ಮಾಡಬಾರದಿತ್ತೇನೋ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಟೀಪಾಯಿ ಮೇಲಿಟ್ಟಳು. ಸಾರಿಗೆ ಒಗ್ಗರಣೆ ಹಾಕಬೇಕು ಅಂತ ಎದ್ದು ಹೋದಳು.

ಫೆಬ್ರವರಿ 6, ಗುರುವಾರ

ಡಾಕ್ಟರ್ ಶೀಟು ಓದಿದರು. ಸಕ್ಕರೆ, ಸ್ಟವ್ ಆನ್ ಇದ್ದದ್ದು, ಕಾಸ್ಟ್‌ಕೋ ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ಸಿಗದೇ ಇದ್ದದ್ದು— ಇವಕ್ಕೆಲ್ಲ ಬರೀ ತಲೆಯಾಡಿಸಿದರು. ಹನ್ನೊಂದನೇ ಸಾಲಿನಲ್ಲಿ ನಿಂತರು. ನೀವು ಹೇಗೆ ವೆರಿಫೈ ಮಾಡಿದಿರಿ ಅಂತ ಕೇಳಿದರು. ಹೇಳಿದೆ. ವೆರಿ ಥರೋ, ಒಂದನ್ನೂ ಬಿಟ್ಟಿಲ್ಲ ಅಂದರು. ನನಗೆ ಖುಷಿಯಾಯಿತು. ನಿಜ ಬರೆಯಬೇಕಲ್ಲ, ಆಯಿತು. ಅಪ್ರೈಸಲ್ ದಿನದ ಹಾಗೆ.

ಟೆಸ್ಟ್, ಸ್ಕ್ಯಾನ್ ಎಲ್ಲ ಸೇರಿಸಿ ನೋಡಿದರೆ ಮರೆವಿನ ಕಾಯಿಲೆ ಮೈಲ್ಡ್, ಶುರುವಿನ ಹಂತ. ಆದರೆ ಸ್ವಂತ ನೆನಪು ಟಿವಿ ಕಥೆಯೊಳಗೆ ಸೇರಿಕೊಳ್ಳುವುದು ಗಮನಿಸಬೇಕಾದ್ದು. ಅದಕ್ಕೊಂದು ಹೆಸರೂ ಇದೆ— ಕನ್‌ಫ್ಯಾಬ್ಯುಲೇಷನ್. ಸದ್ಯಕ್ಕೆ ಡ್ರೈವಿಂಗ್ ಬೇಡ. ಏಪ್ರಿಲ್ 17ಕ್ಕೆ ಮತ್ತೆ ಬನ್ನಿ.

ನಳಿನಾ ಪಕ್ಕದಲ್ಲೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು. ರೂಟ್ 1ರಲ್ಲಿ ಟ್ರಾಫಿಕ್. ಒಂದೂವರೆ ಗಂಟೆ ಹಿಡಿಯಿತು. ಮನೆಗೆ ಬಂದು ತನ್ನ ಕಾರ್ ಕೀ ತೆಗೆದು ನನ್ನ ಮುಂದೆ ಇಟ್ಟಳು.

ಮಾರ್ಚ್ 8, ಶನಿವಾರ

ಒಂದು ತಿಂಗಳಿಂದ ಇಲ್ಲಿ ಬರೆದಿಲ್ಲ. ಬರೆಯೋಕೆ ಏನೂ ಇರಲಿಲ್ಲ. ಶೀಟೂ ಖಾಲಿ. ಒಂದು ತಪ್ಪೂ ಇಲ್ಲ.

ಯಾಕಿಲ್ಲ ಅಂದರೆ ಅವಳು ಏನೂ ಹೇಳುವುದಿಲ್ಲ. ಏನು ಕೇಳಿದರೂ “ನೀವೇ ಹೇಳಿ.” ಇವತ್ತು ಯಾವ ವಾರ, ಹೋದ ವರ್ಷ ಈ ಕೋಟು ಎಲ್ಲಿ ತಗೊಂಡದ್ದು, ಎಲ್ಲದಕ್ಕೂ ಅದೇ. ಮುಖ ಸಪ್ಪೆಯಾಗಿಲ್ಲ, ಸಿಟ್ಟೂ ಇಲ್ಲ. ನನ್ನ ಮುಖ ನೋಡುತ್ತಾಳೆ, ನಾನು ಹೇಳುತ್ತೇನೆ, ಹ್ಞೂಂ ಅನ್ನುತ್ತಾಳೆ.

ಸಂಜೆ ಗಗನಾ ಫೋನು. “ಅಮ್ಮ, ನನ್ನ ಫಿಫ್ತ್ ಗ್ರೇಡ್ ಪ್ಲೇ ನೆನಪಿದ್ಯಾ? ವಾಟ್ ವಾಸ್ ಐ?” ನಳಿನಾ “ಅಪ್ಪನ್ನ ಕೇಳು” ಅಂದು ಫೋನ್ ನನಗೆ ಕೊಟ್ಟಳು. ನಾನು ಆ ಪ್ಲೇಗೆ ಹೋಗಿರಲಿಲ್ಲ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು.

“ಅಪ್ಪ, ಷಿ ಯೂಸ್ಡ್ ಟು ಕರೆಕ್ಟ್ ಯೂ ಆಲ್ ದ ಟೈಮ್.”

ಹೌದು. ಮೂವತ್ತೈದು ವರ್ಷ ತಿದ್ದಿದವಳು. ಮನೆಯಲ್ಲಿ ಈಗ ನಾನು ಹೇಳಿದ್ದೇ ಸರಿ. ಚೆನ್ನಾಗಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ಒಬ್ಬಟ್ಟು. ಹೂರಣ ರುಬ್ಬಿ ಇಟ್ಟುಕೊಂಡು ಕೇಳಿದಳು, “ಇದಕ್ಕೆ ಉಪ್ಪು ಎಷ್ಟು ರೀ?”

ನನಗೆ ಅನ್ನಕ್ಕೆ ನೀರೆಷ್ಟು ಅಂತಲೂ ಸರಿಯಾಗಿ ಗೊತ್ತಿಲ್ಲ. ಅವಳಿಗೆ ಗೊತ್ತು. ಕೈ ಆಗಲೇ ಡಬ್ಬಿಯಲ್ಲಿತ್ತು, ಚಿಟಿಕೆ ಹಿಡಿದಿತ್ತು. ಆದರೂ ನನ್ನ ಮುಖ ನೋಡುತ್ತಾ ನಿಂತಳು. ಏನೋ ಹೇಳಬೇಕಲ್ಲ. ಒಂದು ಚಮಚ ಅಂದೆ. ಕೈಯ ಚಿಟಿಕೆ ವಾಪಸ್ ಉದುರಿಸಿ ಒಂದು ಚಮಚ ಹಾಕಿದಳು.

ಉಪ್ಪುಪ್ಪು. ಇಬ್ಬರೂ ತಿಂದೆವು. ಶೀಟಿನಲ್ಲಿ ಬರೆಯಲಿಲ್ಲ. ನನ್ನ ತಪ್ಪಿಗೆ ಅಲ್ಲಿ ಕಾಲಮ್ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಏಪ್ರಿಲ್ 5, ಶನಿವಾರ

ಲಾಂಡ್ರಿ ಷೋ ಬಾಕ್ಸನ್ನ ಲೈಬ್ರರಿಗೆ ಕೊಟ್ಟುಬಿಡೋಣ ಅಂತ ತೆಗೆದೆ. ಜನವರಿಯಿಂದ ಅವಳು ಮುಟ್ಟಿಲ್ಲ. ಹಿಂಬದಿಯಲ್ಲಿ, ಬಾರ್‌ಕೋಡ್ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಕೆಲವು ಎಪಿಸೋಡುಗಳು ಮೊದಲು ಪ್ರಸಾರವಾದ ರೂಪದಲ್ಲಿ ಇಲ್ಲದಿರಬಹುದು.

ನಿಂತೇ ಓದಿದೆ. ಕೂತು ಮತ್ತೆ ಓದಿದೆ.

ಡಿಸ್ಕ್ ಹಾಕಿ ಬರೀ ಟೈಮ್ ನೋಡುತ್ತಾ ಹೋದೆ. 22 ನಿಮಿಷ 40 ಸೆಕೆಂಡ್. 22:35. 22:41. ಹದಿನಾಲ್ಕನೇ ಎಪಿಸೋಡ್ 20:50. ಅಂಥವು ಒಟ್ಟು ಏಳು. ಆನ್‌ಲೈನಿನಲ್ಲಿ ಇದರ ಅಭಿಮಾನಿಗಳದೇ ಒಂದು ಗುಂಪಿದೆ, ಅವರಿಗೆಲ್ಲ ಗೊತ್ತಿರುವ ಸಂಗತಿ. ಮರುಪ್ರಸಾರದಲ್ಲಿ ಜಾಸ್ತಿ ಜಾಹೀರಾತು ತುರುಕಲಿಕ್ಕೆ ಎರಡೆರಡು ನಿಮಿಷ ಕತ್ತರಿಸಿದ್ದರಂತೆ. ಡಿವಿಡಿ ಮಾಡಿದವರು ಕೆಲವಕ್ಕೆ ಆ ಕತ್ತರಿಸಿದ ಪ್ರತಿಯನ್ನೇ ಹಾಕಿದ್ದಾರೆ. ಕಥೆಗೆ ಬೇಡದ ಸೀನು ಮೊದಲು ಹೋಗುತ್ತಂತೆ. ಯಾರೋ ಸುಮ್ಮನೆ ಫೋನ್ ಮಾಡೋದು, ಸುಮ್ಮನೆ ಕೂತಿರೋದು.

ಇಪ್ಪತ್ನಾಲ್ಕು ಎಪಿಸೋಡಿಗೆ ಟಿಕ್ ಹಾಕಿದವನು ಟೈಮ್ ನೋಡಿರಲಿಲ್ಲ. ಹೊಸದಾಗಿ ಸೇರಿದ ಹುಡುಗರು ಹೀಗೆ ಮಾಡಿದಾಗ ಬೈದಿದ್ದೇನೆ.

ಏಪ್ರಿಲ್ 6, ಭಾನುವಾರ

ಗರಾಜಿನಲ್ಲಿ ‘ಹಳೆ ಸ್ವೆಟರ್’ ಅಂತ ಬರೆದ ಕಾರ್ಟನ್. ಸ್ವೆಟರ್ ಕೆಳಗೆ ಅವಳ ವಿಡಿಯೋ ಟೇಪುಗಳು. ಒಂದೊಂದರ ಬೆನ್ನಿಗೂ ಅವಳ ಗುಂಡು ಅಕ್ಷರ. ‘ಲಾಂಡ್ರಿ 2-14. 8 ಫೆಬ್ರವರಿ 94.’ ಕೆಳಗೆ ಸಣ್ಣದಾಗಿ, ‘ಅಜ್ಜಿ ಫೋನ್.’

ವಿಸಿಆರ್ ನಮ್ಮಲ್ಲಿಲ್ಲ. ಪದ್ಮಜಾ ಮನೆ ಬೇಸ್‌ಮೆಂಟಿನಲ್ಲಿತ್ತು. ಮೊದಲು ಕೂಟದಲ್ಲಿ ಕನ್ನಡ ಸಿನಿಮಾ ಕ್ಯಾಸೆಟ್ ಸುತ್ತುತ್ತಿದ್ದಾಗಿನದು.

“ಏನನ್ನೂ ಎಸೆಯಲ್ಲ ಅಂತ ನಗ್ತಿದ್ರಲ್ಲ,” ಅಂದರು. ಯಾಕೆ ಬೇಕು ಅಂತ ಹೇಳಿದೆ. ನಗು ನಿಂತಿತು. “ಅವಳಿಗೆ ಹೇಳಿದ್ರಾ?”

“ಮೊದಲು ನೋಡ್ತೀನಿ.”

“ಇನ್ನೂ ಟೆಸ್ಟ್ ಮಾಡ್ಬೇಕಾ ನಿಮಗೆ?”

ಏಪ್ರಿಲ್ 8, ಮಂಗಳವಾರ, ಮಧ್ಯಾಹ್ನ 2:15

ನಳಿನಾ ಮಲಗಿದ್ದಾಳೆ. ಪದ್ಮಜಾ ಅವರ ವಿಸಿಆರ್ ತಂದು ನಮ್ಮ ಬೇಸ್‌ಮೆಂಟಿನಲ್ಲಿ ಒಬ್ಬನೇ ನೋಡಿದೆ.

ಇದೆ. ಒಂದು ನಿಮಿಷ ಐವತ್ತು ಸೆಕೆಂಡ್. ಅಜ್ಜಿ ನಂಬರ್ ತಿರುಗಿಸುತ್ತಾಳೆ. ತಂಗಿ ಹೆಸರು ಕರೆಯುತ್ತಾಳೆ. ಮುಂದೆ ಮಾತೇ ಬರುವುದಿಲ್ಲ. ವೈರು ಎಳೆದುಕೊಂಡು ಹೋಗಿ ರಿಸೀವರನ್ನ ಡ್ರೈಯರಿಗೆ ಹಿಡಿಯುತ್ತಾಳೆ. ಕೇಳು, ಎಲ್ಲಾ ಓಡ್ತಿದೆ. ಅಲ್ಲಿ ಜನ ನಗುವ ಸದ್ದೂ ಹಾಕಿಲ್ಲ. ನಳಿನಾ ಹೇಳಿದ್ದರಲ್ಲಿ ಒಂದು ಮಾತೂ ಆಚೀಚೆ ಇಲ್ಲ.

ಟೇಪು ಫೆಬ್ರವರಿ 8ರದು. ಶಿವರಾತ್ರಿ ಅದಾದ ಮೇಲೆ, ಮಾರ್ಚಿನಲ್ಲಿ. ಅಂದರೆ ಅವಳು ಮಾಡಿದ್ದು ಷೋಗೆ ಅಂಟಿಕೊಂಡದ್ದಲ್ಲ. ಷೋದಲ್ಲಿ ನೋಡಿದ್ದನ್ನ ಅವಳು ಮಾಡಿದ್ದು. ಅಮ್ಮನಿಗೆ ಹೇಳುವುದಕ್ಕೆ ಒಳ್ಳೆಯದು ಏನೂ ಇಲ್ಲದೆ ಇದ್ದಾಗ ಏನು ಮಾಡಬೇಕು ಅಂತ ಅವಳು ಕಲಿತದ್ದು ಒಬ್ಬ ಪೋಲಿಷ್ ಅಜ್ಜಿಯಿಂದ. ನಾನು ಬಾಗಿಲಲ್ಲಿ ನಿಂತು ನಕ್ಕೆ. ಊರಿಗೆಲ್ಲ ಹೇಳಿ ನಗಿಸಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಳು ಬರಬೇಕಿತ್ತು. ಬರಲಿಲ್ಲ. ಟೇಪು ರಿವೈಂಡ್ ಮಾಡಿಟ್ಟೆ.

ಏಪ್ರಿಲ್ 9, ಬುಧವಾರ

ತೋರಿಸಿದೆ. ಕೈ ಮಡಿಲಲ್ಲಿಟ್ಟುಕೊಂಡು ನೋಡಿದಳು. ನಗಲಿಲ್ಲ. ಸೀನ್ ಮುಗಿಯುತ್ತಲೇ ತಿರುಗಿ ನನ್ನ ಮುಖ ನೋಡಿದಳು.

“ಇದೆ ನಳಿನಾ. ನೀನು ಹೇಳಿದ್ದೇ ಸರಿ. ತಪ್ಪು ನಂದು. ಡಿವಿಡೀಲಿ ಕತ್ತರಿಸಿಬಿಟ್ಟಿದಾರೆ.”

“ಹೌದಾ.”

“ಹೌದಾ ಅಲ್ಲ. ನಿನಗೆ ನೆನಪಿತ್ತಲ್ಲ.”

ಸ್ವಲ್ಪ ಯೋಚಿಸಿದಳು. ನನಗೆ ಬೇಕಾದ ಉತ್ತರ ಯಾವುದು ಅಂತ ಯೋಚಿಸುತ್ತಿದ್ದಳು, ಗೊತ್ತಾಯಿತು.

“ಅವಾಗ ಇಲ್ಲ ಅಂದ್ರಿ, ಇಲ್ಲ ಅಂದ್ಕೊಂಡೆ. ಈಗ ಇದೆ ಅಂತೀರಿ. ಇದೆ ಬಿಡಿ.”

ಎದ್ದು ಬಟ್ಟೆ ಮಡಿಸಲಿಕ್ಕೆ ಹೋದಳು.

ಏಪ್ರಿಲ್ 16, ಬುಧವಾರ, ಮಧ್ಯಾಹ್ನ 3:10

ನಾಳೆ ಅಪಾಯಿಂಟ್‌ಮೆಂಟ್. ಹನ್ನೊಂದನೇ ಸಾಲು ತಿದ್ದಬೇಕು. ನಾನು ತಿದ್ದಿದರೆ ಅದೂ ನಾನು ಹೇಳಿದ್ದೇ ಆಗುತ್ತೆ. ಹೊಸ ಶೀಟು ಪ್ರಿಂಟ್ ಮಾಡಿದೆ. ಎಡಗಡೆ ಅವಳು ಜನವರಿಯಲ್ಲಿ ಹೇಳಿದ್ದನ್ನ ಹಾಗೇ ಬರೆದೆ. ಬಲಗಡೆ ಖಾಲಿ ಬಿಟ್ಟೆ. ಪೆನ್ನು ಅವಳ ಕೈಗೆ ಕೊಟ್ಟೆ.

“ನಾನಾ? ಏನು ಬರೀಲಿ?”

“ನಿನಗೆ ಗೊತ್ತಿರೋದು. ಕನ್ನಡದಲ್ಲೇ ಬರಿ.”

“ನೀವು ಹೇಳಿ, ಬರೀತೀನಿ.”

“ಇವತ್ತು ನಾನು ಹೇಳಲ್ಲ.”

ಡೈನಿಂಗ್ ಟೇಬಲ್ಲಿಗೆ ಎದುರುಬದುರು ಕೂತಿದ್ದೇವೆ. ನಾನು ತಲೆ ಬಗ್ಗಿಸಿ ಇದನ್ನ ಬರೆಯುತ್ತಿದ್ದೇನೆ, ಮುಖ ನೋಡಿದರೆ ಉತ್ತರ ಕಂಡುಕೊಂಡುಬಿಡುತ್ತಾಳೆ ಅಂತ. ಕೆಳಗೆ ಡ್ರೈಯರ್ ಓಡುತ್ತಿದೆ.

3:25 — ಪೆನ್ನಿನ ಕ್ಯಾಪ್ ತೆಗೆದಳು.

3:40 — ಬರೆಯುತ್ತಿದ್ದಾಳೆ. ನಾನು ನೋಡಿಲ್ಲ.

3:45 — ಶೀಟು ನನ್ನ ಕಡೆ ತಳ್ಳಿ, ಡ್ರೈಯರ್ ನಿಂತಿತು ಅಂತ ಕೆಳಗೆ ಹೋದಳು. ಟೇಪಿನ ಬೆನ್ನ ಮೇಲಿದ್ದ ಅದೇ ಗುಂಡು ಅಕ್ಷರ. ಗೆರೆ ದಾಟಿಲ್ಲ. ‘ನಿಜ’ ಅನ್ನುವ ಕಾಲಮ್ಮಿನಲ್ಲಿ ಎರಡೇ ಪದ.

ಅವರನ್ನ ಕೇಳಿ.

ನಾಳೆ ಡಾಕ್ಟರ್ ನನ್ನನ್ನೇ ಕೇಳುತ್ತಾರೆ. ನಾನು—